ನೆಟ್ಟಿನ ಸಾಹೇಬರು

ತಾಲ್ಲೂಕು ಊರುಗಳಲ್ಲಿ ಟೆನಿಸ್ ಆಡತಕ್ಕವರನ್ನು ವಿಂಗಡಿಸಿ ನೋಡಲಾಗಿ, ಬೇಸ್‌ಲೈನಿನ ಹಿಂದೆ ನಿಂತು ಬಂದ ಚೆಂಡನ್ನು ಬಂದಷ್ಟೇ ವಿನಯದಿಂದ ಹಿಂದಿರುಗಿಸುವ ಸಾತ್ತ್ವಿಕರು ಒಂದು ವರ್ಗ. ಸರ್ವೀಸು ಮಾಡಿದ ಕ್ಷಣವೇ ದಾಪುಗಾಲಿಕ್ಕಿ ನೆಟ್ಟಿನ ಬಳಿಗೆ ಬಂದು, ಸಾಲಗಾರನ ಮನೆಯ ಕಟ್ಟೆಯ ಮೇಲೆ ಕುಳಿತ ಸಾಹುಕಾರನಂತೆ ಅಲ್ಲಿಯೇ ಠಿಕಾಣಿ ಹೂಡುವ ರಾಜಸರು ಇನ್ನೊಂದು ವರ್ಗ. ಈ ಎರಡನೆಯ ವರ್ಗದವರನ್ನು ಮದುವೆಯ ಮೊದಲ ಪಂಕ್ತಿಯಲ್ಲಿಯೂ, ಸಭೆಯಲ್ಲಿ ಅಧ್ಯಕ್ಷರ ಮಗ್ಗುಲಿನಲ್ಲಿಯೂ ಕಾಣಬಹುದು. ಸಾಮಾನ್ಯದ ಮಾತು ಇಷ್ಟು ಸಾಕು. ನನ್ನ ಪಾಲಿಗೆ ಬಂದವರು ಒಬ್ಬರೇ, ಮತ್ತು ಹಲವರ ಬದಲಿಗೆ ಅವರೊಬ್ಬರೇ ಸಾಕಾಗಿದ್ದರು.

ಸವಣೂರು, ಶಿಗ್ಗಾವಿಗಳಲ್ಲಿ ಸೇವೆ ಮುಗಿಸಿ ಅವರು ಹಾನಗಲ್ಲಿಗೆ ವರ್ಗವಾಗಿ ಬಂದಿದ್ದರು. ಸವಣೂರಿನ ದೊಡ್ಡ ಹುಣಸೆಮರಗಳಿಗಿಂತ ಎತ್ತರಕ್ಕೆ ಹೋದ ಚೆಂಡನ್ನೂ ತಾವು ಬಿಟ್ಟವರಲ್ಲವೆಂದೂ, ಶಿಗ್ಗಾವಿಯಲ್ಲಿ ಯಾರೋ ತಮ್ಮ ತಲೆಯ ಮೇಲಿಂದ ಎತ್ತಿದ ಚೆಂಡು ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಯೊಂದರಲ್ಲಿ ಬಿದ್ದು ಹುಬ್ಬಳ್ಳಿಯನ್ನು ಸೇರಿತೆಂದೂ ಹೇಳುತ್ತಿದ್ದರು. ಕಚೇರಿಯಲ್ಲಿ ಅವರು ಮಿತಭಾಷಿಗಳೆಂದು ಖ್ಯಾತಿ. ದಿನವೆಲ್ಲ ಉಳಿತಾಯ ಮಾಡಿದ ಮಾತು ಸಂಜೆ ಎಲ್ಲಿ ವೆಚ್ಚವಾಗುತ್ತಿತ್ತೆಂಬುದು ನನಗೆ ಗೊತ್ತು.

ನೆಟ್ಟಿನಲ್ಲಿ ನಿಂತ ಎದುರಾಳಿಗೆ ಶಾಸ್ತ್ರೋಕ್ತವಾದ ಉತ್ತರಗಳು ನಾಲ್ಕೇ. ಅವನ ಬಗಲಿನಿಂದ ಗೆರೆಗುಂಟ ನೇರವಾಗಿ ಹೊಡೆಯಬಹುದು: ದಾರಿ ಹತ್ತಿರದ್ದು, ಅಂಕಣದ ಉದ್ದ 78 ಅಡಿ; ಆದರೆ ಕಂಬದ ಕಡೆಗೆ ಹೋದಂತೆ ನೆಟ್ಟು ಮೂರೂವರೆ ಅಡಿಗೆ ಏರುತ್ತದೆ. ಅಡ್ಡಡ್ಡಲಾಗಿ ಮೂಲೆಗೆ ಹೊಡೆಯಬಹುದು: ನಡುವೆ ನೆಟ್ಟಿನ ಎತ್ತರ 3 ಅಡಿಯೇ, ಮೂಲೆಯಿಂದ ಮೂಲೆಗೆ ಎಂಬತ್ತೆರಡೂವರೆ ಅಡಿಯ ಅವಕಾಶವೂ ಉಂಟು, ಆದರೆ ಚೆಂಡು ಅವನ ಮುಂದೆಯೇ ಹಾದುಹೋಗಬೇಕು. ತಲೆಯ ಮೇಲಿಂದ ಎತ್ತಬಹುದು. ಕಡೆಯದಾಗಿ, ಹಗುರವಾಗಿ ಅವನ ಪಾದಗಳ ಬಳಿ ಇಳಿಸಬಹುದು. ನೆಟ್ಟಿಗಿಂತ ಕೆಳಗಿನ ಚೆಂಡನ್ನು ಅವನು ಮೇಲಕ್ಕೆ ಎತ್ತಲೇಬೇಕಾದುದರಿಂದ, ಮುಂದಿನ ಹೊಡೆತ ನಮ್ಮದು. ಇದೆಲ್ಲ ನನಗೆ ಕಂಠಸ್ಥ. ಆದರೆ ಶಾಸ್ತ್ರವನ್ನು ಬರೆದ ಮಹನೀಯರು, ನೆಟ್ಟಿನಲ್ಲಿರುವ ಎದುರಾಳಿಗೆ ಬಾಯಿ ಇರುವುದೆಂಬುದನ್ನು ಗಣನೆಗೆ ತೆಗೆದುಕೊಂಡಿಲ್ಲ.

ಚೆಂಡು ಇನ್ನೂ ನನ್ನ ಕಡೆಗೆ ಬರುತ್ತಿರುವಾಗಲೇ ಸಾಹೇಬರು ಆರಂಭಿಸುವರು: “ಮಾಸ್ತರ, ಬಗಲಾಗ ಹೊಡೀರಿ, ಜಾಗಾ ಬಿಟ್ಟೇನಿ ನೋಡ್ರಿ!” ನೋಡಿದರೆ ಜಾಗ ನಿಜವಾಗಿಯೂ ಇರುತ್ತಿತ್ತು. ಅಲ್ಲಿ ಹೊಡೆದರೆ ಅವರು ಹಾರಿ ಬರುವರೆಂದು ಬಗೆದು ಮೂಲೆಗೆ ಹೊಡೆಯಲು ತೊಡಗಿದರೆ, ನಾನು ಹಾಗೆ ಬಗೆಯುವೆನೆಂದು ಅವರು ಮೊದಲೇ ಬಗೆದಿರಬಹುದಲ್ಲವೆ? ಹಾಗಿದ್ದರೆ ಬಗಲೇ ಕ್ಷೇಮ. “ತಲಿ ಮ್ಯಾಲಿಂದ ಎತ್ತತೀರೇನು? ಎತ್ರಿ, ಎತ್ರಿ!” ಎಂಬ ಮಾತು ಅಷ್ಟರಲ್ಲಿ ಬೀಳುತ್ತಿತ್ತು. ಬಗಲು, ಮೂಲೆ, ತಲೆ, ಕಾಲು ಎಂಬ ಚತುರ್ವಿಧ ಪುರುಷಾರ್ಥಗಳ ನಡುವೆ ನನ್ನ ಬುದ್ಧಿ ತೂಗಾಡುತ್ತಿರುವಾಗ ಕೈ ತನಗೆ ತೋಚಿದುದನ್ನು ಮಾಡಿ ಮುಗಿಸುತ್ತಿತ್ತು. ಚೆಂಡು ನೆಟ್ಟಗೆ ನೇರವಾಗಿ ಸಾಹೇಬರ ರ‍್ಯಾಕೆಟ್ಟಿಗೇ ಹೋಗುತ್ತಿತ್ತು. ಆಗ ಅವರು ಕರುಣೆಯಿಂದ, “ರಾಮನಾಥನ್ ಕೃಷ್ಣನ್ ಅಂಥಾವ್ರಿಗೇ ಆಗಲಿಲ್ಲ, ನಿಮ್ಮದೇನ್ರೀ!” ಎನ್ನುವರು. ವಿಂಬಲ್ಡನ್ನಿನ ಉಪಾಂತ್ಯದಲ್ಲಿ ಕೃಷ್ಣನ್ನರು 1960ರಲ್ಲಿ ನೀಲ್ ಫ್ರೇಸರನಿಗೂ 1961ರಲ್ಲಿ ರಾಡ್ ಲೇವರನಿಗೂ ಸೋತದ್ದು ನಿಜ. ಆ ಇಬ್ಬರೂ ನೆಟ್ಟಿಗೆ ನುಗ್ಗುವವರು, ಆಯಾ ವರ್ಷ ಪ್ರಶಸ್ತಿ ಪಡೆದವರು. ಅವರ ಸಾಲಿನಲ್ಲಿ ತಾವೂ ಸೇರಿದುದರ ಬಗೆಗೆ ಸಾಹೇಬರಿಗೆ ಸಂಕೋಚವೇನೂ ಇರಲಿಲ್ಲ.

ಅವರ ಉದರ ಗಾತ್ರದಲ್ಲಿ ಕಿರಿದಲ್ಲ. ಮುಂದಕ್ಕೆ ಬಾಗಿದಾಗ ಅದು ನೆಟ್ಟನ್ನು ತಾಗುವುದುಂಟು. ಆಟ ನಡೆದಿರುವಾಗ ನೆಟ್ಟನ್ನು ಮುಟ್ಟಿದವನು ಆ ಅಂಕವನ್ನು ಕಳೆದುಕೊಳ್ಳಬೇಕೆಂಬುದು ನಿಯಮ. “ಆನೆಕೆರಿ ಗಾಳಿ ಬೀಸಿತಲ್ರೀ” ಎಂದು ಅವರು ಪಂಚನ ಕಡೆಗೆ ನೋಡುವರು. ಪಂಚ ಅವರದೇ ಕಚೇರಿಯ ಗುಮಾಸ್ತ. ಎಲೆಯೊಂದೂ ಅಲುಗದ ಸಂಜೆಯಲ್ಲಿಯೂ ಗಾಳಿ ಬೀಸಿದುದಕ್ಕೆ ಅವನು ಸಾಕ್ಷಿಯಾಗುತ್ತಿದ್ದನು.

ಇಷ್ಟಾದರೂ, ಮಳೆಗಾಲ ಮುಗಿದೊಡನೆ ಹುಲ್ಲು ಕೀಳಿಸಿ, ಅಂಗಳಕ್ಕೆ ಸಗಣಿ ಸಾರಿಸಿ, ಸುಣ್ಣದ ಗೆರೆ ಹಾಕಿಸಿ, ರೋಲರಿಗೆ ಜವಾನನೊಡನೆ ತಾವೂ ಹೆಗಲು ಕೊಡುತ್ತಿದ್ದ ಅಧಿಕಾರಿ ಅವರೊಬ್ಬರೇ. ಹರಿದ ನೆಟ್ಟನ್ನು ಹೊಲಿಸಿದ್ದು ಅವರ ಸ್ವಂತ ಹಣದಿಂದ. ಅದರ ಮೇಲೆ ಅವರಿಗಿದ್ದ ಹಕ್ಕಿಗೆ ಇದೂ ಒಂದು ಕಾರಣವಿರಬೇಕು. ಕಳೆದ ವರ್ಷ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಈಗ ನಮ್ಮಲ್ಲಿ ಇಬ್ಬರೂ ಬೇಸ್‌ಲೈನಿನ ಹಿಂದೆ ನಿಂತು ಕತ್ತಲಾಗುವವರೆಗೆ ಚೆಂಡನ್ನು ಅತ್ತಿತ್ತ ಕಳಿಸುತ್ತೇವೆ. ಆಯ್ದುಕೊಳ್ಳಬೇಕಾದದ್ದು ಏನೂ ಇಲ್ಲ. ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದವರು ಒಬ್ಬೊಬ್ಬರಾಗಿ ಇಸ್ಪೀಟಿನ ಕೋಣೆಗೆ ಹೊರಟುಹೋದರು. ಮೊನ್ನೆ ಸಾಹೇಬರ ಕಾರ್ಡು ಬಂದಿತ್ತು: ಮದಗದ ಕೆರೆಯನ್ನು ನೋಡಿ ಬಂದರಂತೆ, ಆರೋಗ್ಯವಾಗಿದ್ದಾರಂತೆ, “ಇಲ್ಲಿ ಅಂಗಳಾನೂ ಅದ, ನೆಟ್ಟೂ ಅದ, ಎದುರಿಗೆ ನಿಲ್ಲೋರಿಲ್ಲ” ಎಂದು ಬರೆದಿದ್ದರು.

ಹಿರೇಕೆರೂರಿನ ವಾಚಕರಲ್ಲಿ ರ‍್ಯಾಕೆಟ್ ಹಿಡಿಯಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಸಂಜೆ ಆ ಕಡೆಗೆ ಹೋಗಿ ಬನ್ನಿ. ಮೊದಲ ಚೆಂಡನ್ನು ಕಾಲ ಬಳಿ ಇಳಿಸಿ, ಅವರು ಬಾಗಿದಾಗ ಎರಡನೆಯದನ್ನು ಎಡ ಹೆಗಲ ಮೇಲಿಂದ ಎತ್ತಿರಿ. ಅವರು ಏನು ಕೇಳಿದರೂ ಅಂಕ ಮುಗಿಯುವವರೆಗೆ ಉತ್ತರ ಕೊಡಬೇಡಿರಿ.