ನಾಲ್ಕನೇ ಮಹಡಿಯ ಮಾನವ ಸಂಪನ್ಮೂಲ ವ್ಯವಸ್ಥಾಪಕರಿಗೆ

ಮಾನ್ಯರೇ,

ನಿಮ್ಮ ಇಮೇಲ್‌ನ ತಲೆಯಲ್ಲಿ ಒಂದು ಹೆಸರಿದೆ, ಬುಡದ ಸಹಿಯಲ್ಲಿ ಇನ್ನೊಂದಿದೆ, ದುಡ್ಡು ಹಾಕಿ ಅಂತ ಕೊಟ್ಟಿರುವ ಯುಪಿಐ ಐಡಿಯಲ್ಲಿ ಮೂರನೆಯದು. ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಹುದ್ದೆಗೇ ಮುಗಿಯುತ್ತಿದ್ದೇನೆ. ಇವತ್ತು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಇರಲಿಲ್ಲ. ಕಚೇರಿಯೂ ಇರಲಿಲ್ಲ.

ಮೇಲ್ ಬಂದದ್ದು ನನಗಲ್ಲ, ನಮ್ಮಕ್ಕನ ಮಗಳಿಗೆ. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. "ಮಾಮ, ಇದು ನಿಜಾನಾ ಸುಳ್ಳಾ ನೋಡಿ ಹೇಳಿ, ಸಂಜೆ ಐದರೊಳಗೆ ಒಪ್ಪಿಗೆ ಕಳಿಸಬೇಕಂತೆ" ಅಂತ ನನಗೆ ಕಳಿಸಿದಳು. ಮಿಸ್ಟರಿ ಶಾಪರ್ ಕೆಲಸ. ಮಾಲ್‌ಗೆ ಸಾಮಾನ್ಯ ಗಿರಾಕಿಯ ಹಾಗೆ ಹೋಗುವುದು, ಅಂಗಡಿಯವರು ನಗುತ್ತಾರಾ, ಬಿಲ್ಲು ಕೊಡುತ್ತಾರಾ, ನೆಲ ಒರೆಸಿದ್ದಾರಾ ನೋಡುವುದು, ಬಂದು ವರದಿ ಬರೆಯುವುದು. ಒಂದು ಭೇಟಿಗೆ 4,500 ರೂಪಾಯಿ. ತರಬೇತಿ ಕಿಟ್‌ಗೆ 1,999 ರೂಪಾಯಿ ಠೇವಣಿ, ಪೂರ್ತಿ ವಾಪಸ್ಸು. ಸುಳ್ಳು ಅಂದೆ. "ಅಡ್ರೆಸ್ಸು ಕೊಟ್ಟಿದ್ದಾರಲ್ಲ ಮಾಮ, ಸುಳ್ಳಾದರೆ ಅಡ್ರೆಸ್ ಯಾಕೆ ಕೊಡ್ತಾರೆ?" ಅಂದಳು. ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ಬಸ್ಸು ಹತ್ತದೆ ಬೇರೆ ದಾರಿಯಿರಲಿಲ್ಲ. ನಿವೃತ್ತನಿಗೆ ಪುರುಸೊತ್ತೂ ಇರುತ್ತದೆ, ಸ್ವಲ್ಪ ಕಿಡಿಗೇಡಿತನವೂ ಇರುತ್ತದೆ.

ಯಲಹಂಕ ಉಪನಗರದಿಂದ ಆರ್.ಟಿ. ನಗರಕ್ಕೆ ಬರುವುದೆಂದರೆ ಹೆಬ್ಬಾಳದ ಮೇಲ್ಸೇತುವೆ ದಾಟಬೇಕು. ನೀವು ಈ ಊರಿನವರಾದರೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಸಿಬಿಐ ಸ್ಟಾಪಿನಲ್ಲಿ ಇಳಿಯಬೇಕು. ಇಡೀ ಬೆಂಗಳೂರಿನಲ್ಲಿ ಇನ್ನೆಲ್ಲೂ ಜಾಗ ಸಿಗದೆ ಸಿಬಿಐ ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ವಿಳಾಸ ಇಟ್ಟುಕೊಂಡಿದ್ದೀರಲ್ಲ, ಆ ಧೈರ್ಯಕ್ಕೆ ಮೆಚ್ಚಿದೆ.

ಕಟ್ಟಡ ಸಿಕ್ಕಿತು. ಕೆಳಗೆ ಬೇಕರಿ, ಅದರ ಮೇಲೆ ಟ್ಯೂಷನ್, ಅದರ ಮೇಲೆ ಬ್ಲೌಸ್ ಹೊಲಿಯುವವರು, ಮೂರನೇ ಮಹಡಿಯಲ್ಲಿ ಓನರ್ ಮನೆ. ನಿಮ್ಮದು ನಾಲ್ಕನೇ ಮಹಡಿ. ಅಲ್ಲಿ ಒಂದು ಕರೀ ಸಿಂಟೆಕ್ಸ್ ಟ್ಯಾಂಕು, ಒಣಗಲು ಹಾಕಿದ ಎರಡು ಬೆಡ್‌ಶೀಟು. ಅವುಗಳಲ್ಲಿ ಯಾವುದು ಮಾನವ ಸಂಪನ್ಮೂಲ ವಿಭಾಗ ಅಂತ ಓನರ್ ಅಮ್ಮನನ್ನು ಕೇಳಿದೆ. ಅವರು ನಗಲಿಲ್ಲ. "ನೀವೂ ಇಂಟರ್‌ವ್ಯೂಗೇ ಬಂದ್ರಾ? ಬೆಳಿಗ್ಗೆಯಿಂದ ಬರ್ತಾನೇ ಇದಾರೆ. ನನ್ನ ಮನೆ ಅಡ್ರೆಸ್ ಯಾರು ಕೊಟ್ಟರು ಅಂತ ಮೊದಲು ಹೇಳಿ" ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ನಿಮ್ಮ ಪಾಲಿನ ಬೈಗುಳವನ್ನು ನಾನು ಪಡೆದಿದ್ದೇನೆ. ಅದು ಮರುಪಾವತಿ ಆಗುವಂಥದ್ದಾದರೆ ತಿಳಿಸಿ.

ಈಗ ನಿಮ್ಮ ಪತ್ರದ ಗುಣಗಾನ ಮಾಡುತ್ತೇನೆ. ಅರ್ಜಿಯನ್ನೇ ಹಾಕದ ಹುಡುಗಿಯನ್ನು ನೀವು ಸಾವಿರಾರು ಅಭ್ಯರ್ಥಿಗಳ ನಡುವಿನಿಂದ ಆರಿಸಿದ್ದೀರಿ. ಆರಿಸಿದ ಮೇಲೂ ಅವಳ ಹೆಸರು ನಿಮಗೆ ಗೊತ್ತಾಗಿಲ್ಲ, 'ಪ್ರಿಯ ಅಭ್ಯರ್ಥಿ' ಅಂದಿದ್ದೀರಿ. ಹದಿನೆಂಟು ದೇಶಗಳಲ್ಲಿ ಶಾಖೆ ಇರುವ ಕಂಪನಿಗೆ ಸ್ವಂತ ಡೊಮೈನ್ ಕೊಳ್ಳಲು ಕಾಸಿಲ್ಲ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನ ಹಾಗೆ ಪುಕ್ಕಟೆ ಜಿಮೇಲ್ ಖಾತೆಯಿಂದ ನೇಮಕಾತಿ ಪತ್ರ ಕಳಿಸುತ್ತೀರಿ. ಇಸ್ತ್ರಿಯವನಾದರೂ ಅಂಗಡಿಯಲ್ಲಿರುತ್ತಾನೆ. ಪತ್ರದ ನೆತ್ತಿಯ ಮೇಲೆ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ. ಖಾಸಗಿಯವರು ರಾಷ್ಟ್ರಲಾಂಛನವನ್ನು ಹೀಗೆ ಬಳಸದಂತೆ 2005ರಲ್ಲೇ ಕಾಯ್ದೆ ಆಗಿದೆ. ಖಾಸಗಿ ಕಂಪನಿಯ ಕಾಗದದಲ್ಲಿ ಸಿಂಹ ಕಂಡರೆ ಅದು ನಕಲಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಹಳ್ಳಿಯಿಂದ ಬಂದ ಹುಡುಗನಿಗೆ ಅದೇ ಸಿಂಹ ಸರ್ಕಾರದ ಭರವಸೆಯಂತೆ ಕಾಣುತ್ತದೆ. ನೀವು ಅದನ್ನು ಅಲ್ಲಿ ಕೂರಿಸಿರುವುದೂ ಅದಕ್ಕೇ.

ಮಿಸ್ಟರಿ ಶಾಪಿಂಗ್ ಅನ್ನುವ ಕೆಲಸವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಚಂದಮಾಮದ ರಾಜರು ಮಾರುವೇಷ ಹಾಕಿ ರಾತ್ರಿ ಊರು ಸುತ್ತುತ್ತಿದ್ದರಲ್ಲ, ಅದನ್ನೇ ಇವತ್ತು ಕಂಪನಿಗಳು ದುಡ್ಡು ಕೊಟ್ಟು ಮಾಡಿಸುತ್ತವೆ. ಈ ಕೆಲಸದ ಏಜೆನ್ಸಿಗಳದ್ದೇ ಒಂದು ಸಂಘ ಅಮೆರಿಕದಲ್ಲಿ 1998ರಲ್ಲಿ ಹುಟ್ಟಿದೆ, ಎಂಎಸ್‌ಪಿಎ ಅಂತ. ಏಷ್ಯಾಕ್ಕೂ ಅದರ ಶಾಖೆ ಇದೆ. ನಿಜವಾದ ಏಜೆನ್ಸಿ ಹುಡುಕಿಕೊಂಡು ಬರುವುದಿಲ್ಲ. ಅವರ ವೆಬ್‌ಸೈಟಿಗೆ ನಾವೇ ಹೋಗಿ, ಕಾಸು ಕೊಡದೆ, ಹೆಸರು ನೋಂದಾಯಿಸಬೇಕು. ಆಮೇಲೆ ಯಾವತ್ತೋ ಒಂದು ಕೆಲಸ ಬರುತ್ತದೆ. ಕಾಫಿ ಅಂಗಡಿಗೆ ಹೋಗಿ ಕಾಫಿ ಕುಡಿ, ಎಷ್ಟು ಹೊತ್ತಿಗೆ ಕೊಟ್ಟರು ಬರೆದುಕೊ, ಬಿಲ್ಲಿನ ಫೋಟೋ ಹಾಕು, ಉದ್ದದ ಫಾರಂ ತುಂಬು. ಕಾಫಿಯ ದುಡ್ಡು ಮತ್ತು ಅದರ ಮೇಲೊಂದು ಸಣ್ಣ ಮೊತ್ತ ವಾರಗಳ ನಂತರ ಖಾತೆಗೆ ಬೀಳುತ್ತದೆ. ಸಂಸಾರ ನಡೆಸುವ ಸಂಬಳವಲ್ಲ ಅದು, ಕೈಖರ್ಚಿನ ಕಾಸು. ಒಂದು ಸಲ ಮಾಲ್‌ನೊಳಗೆ ಹೋಗಿಬಂದರೆ 4,500 ಸಿಗುವುದಾದರೆ, ಭಾನುವಾರ ಬ್ಯಾಟರಾಯನಪುರದ ಮಾಲ್‌ನಲ್ಲಿ ಸುಮ್ಮನೆ ತಂಪಾಗಿ ಅಡ್ಡಾಡುವ ಅರ್ಧ ಯಲಹಂಕ ಇಷ್ಟು ಹೊತ್ತಿಗೆ ಆದಾಯ ತೆರಿಗೆ ಕಟ್ಟುತ್ತಿತ್ತು.

ಅಮೆರಿಕದಲ್ಲಿ ನಿಮ್ಮ ದಾಯಾದಿಗಳಿದ್ದಾರೆ. ಅವರು ಮೊದಲು ಒಂದು ಚೆಕ್ಕು ಕಳಿಸುತ್ತಾರೆ. ಬ್ಯಾಂಕಿಗೆ ಹಾಕು, ನಿನ್ನ ಸಂಬಳ ಇಟ್ಟುಕೊ, ಉಳಿದದ್ದರಲ್ಲಿ ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರು ನಮಗೆ ಕಳಿಸು, ಅಂಗಡಿಯವರ ಸೇವೆ ಹೇಗಿತ್ತು ಬರೆ ಅನ್ನುತ್ತಾರೆ. ಕಾರ್ಡಿನ ದುಡ್ಡು ಖಾಲಿಯಾದ ಎಷ್ಟೋ ದಿನದ ಮೇಲೆ ಚೆಕ್ಕು ಖೋಟಾ ಅಂತ ಬ್ಯಾಂಕು ಹೇಳುತ್ತದೆ. ಅಷ್ಟೂ ದುಡ್ಡು ಗಿರಾಕಿಯ ತಲೆಗೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದರ ಬಗ್ಗೆ ಜನರನ್ನು ಎಚ್ಚರಿಸುತ್ತಲೇ ಬಂದಿದೆ. ನೋಡಿ, ಆ ಕಳ್ಳ ಖೋಟಾ ಚೆಕ್ಕನ್ನಾದರೂ ಕಳಿಸುತ್ತಾನೆ. ಬಂಡವಾಳ ಹಾಕುತ್ತಾನೆ. ನೀವು ಅದನ್ನೂ ಹಾಕಲಿಲ್ಲ. ಸಿಂಟೆಕ್ಸ್ ಟ್ಯಾಂಕೂ ಓನರ್ ಅಮ್ಮನದೇ.

ನಿಮ್ಮ ಇನ್ನೊಂದು ಶಾಖೆ ಟೆಲಿಗ್ರಾಂನಲ್ಲಿದೆ. ಹೋಟೆಲಿಗೆ ಐದು ನಕ್ಷತ್ರ ಒತ್ತಿ, ವಿಡಿಯೋಗೆ ಲೈಕ್ ಕೊಡಿ, ಮನೆಯಲ್ಲೇ ಕೂತು ದುಡಿಯಿರಿ. ಮೊದಲ ದಿನ ನೂರೋ ಇನ್ನೂರೋ ನಿಜವಾಗಿಯೇ ಬರುತ್ತದೆ. ಆಮೇಲೆ 'ಪ್ರೀಪೇಯ್ಡ್ ಟಾಸ್ಕ್'. ನೀವು ಹಾಕಿ, ನಾವು ಹೆಚ್ಚಿಸಿ ಕೊಡುತ್ತೇವೆ. ಪರದೆಯ ಮೇಲೆ ಲಕ್ಷಗಳು ಕಾಣುತ್ತವೆ, ತೆಗೆಯಲು ಹೋದರೆ ತೆರಿಗೆ ಕಟ್ಟು ಅನ್ನುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ 100ಕ್ಕೂ ಹೆಚ್ಚು ವೆಬ್‌ಸೈಟುಗಳನ್ನು ಮುಚ್ಚಿಸಿತು. ಬಲಿಯಾಗುವವರು ಯಾರೆಂದು ಆಗ ಗೃಹ ಸಚಿವಾಲಯವೇ ಹೇಳಿತ್ತು: ನಿವೃತ್ತರು, ಮಹಿಳೆಯರು, ಕೆಲಸವಿಲ್ಲದ ಯುವಕರು. ಓದಿ ನೋಡಿದರೆ ನಮ್ಮ ಇಡೀ ಮನೆ ಆ ಪಟ್ಟಿಯಲ್ಲಿದೆ.

ಯಲಹಂಕದವನಾಗಿ ನಿಮ್ಮ ಮೇಲೆ ನನಗೊಂದು ವಿಶೇಷ ಹಕ್ಕಿದೆ. 2023ರಲ್ಲಿ ಬೆಂಗಳೂರು ಪೊಲೀಸರು ಇಂಥದೇ ವಂಚನೆಗೆ ಆರು ಜನರನ್ನು ಹಿಡಿದರಲ್ಲ, ಆ ಪ್ರಕರಣ ನಮ್ಮೂರಿನದು. ಯಲಹಂಕದಲ್ಲಿ ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. ಒಳಗೆ ಎಂಟು ಮೊಬೈಲು, ಹಗಲೂ ರಾತ್ರಿ ಚಾಲೂ. ಸಾವಿರ, ಹತ್ತು ಸಾವಿರ ಹಾಕಿ, ದಿನಕ್ಕೆ ಸಾವಿರದಿಂದ ಐದು ಸಾವಿರ ಎಣಿಸಿ ಅಂತ ವಾಟ್ಸಾಪ್ ಗುಂಪಿನಲ್ಲಿ ಆಮಿಷ. 84 ಬ್ಯಾಂಕ್ ಖಾತೆಗಳ ಮೂಲಕ ಹರಿದ ಹಣ 854 ಕೋಟಿ ರೂಪಾಯಿ. ಪೊಲೀಸರು ಬೀಗ ಹಾಕಿಸುವ ಹೊತ್ತಿಗೆ ಉಳಿದಿದ್ದದ್ದು 5 ಕೋಟಿ. ಒಬ್ಬಳೇ ಒಬ್ಬಳು ಯುವತಿ ತನ್ನ ಎಂಟೂವರೆ ಲಕ್ಷ ಹೋಯಿತೆಂದು ದೂರು ಕೊಟ್ಟದ್ದರಿಂದ ಇಷ್ಟೆಲ್ಲ ಹೊರಬಿತ್ತು. ಯಲಹಂಕದಲ್ಲಿ ಮನೆ ಬಾಡಿಗೆಗೆ ಹಿಡಿಯುವುದು ಎಷ್ಟು ಕಷ್ಟ ಗೊತ್ತೇ ನಿಮಗೆ? ಮದುವೆಯಾಗಿದೆಯಾ, ಮಾಂಸ ತಿನ್ನುತ್ತೀರಾ, ಊರಿಂದ ನೆಂಟರು ಬರುತ್ತಾರಾ, ನೀರು ಎಷ್ಟು ಖರ್ಚು ಮಾಡುತ್ತೀರಾ, ಎಲ್ಲವನ್ನೂ ಕೇಳುತ್ತಾರೆ. ಎಂಟು ಮೊಬೈಲು ಯಾಕೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆ 854 ಕೋಟಿಯನ್ನು ನಿಮ್ಮ 1,999ರಿಂದ ಭಾಗಿಸಿ ನೋಡಿದೆ. 42 ಲಕ್ಷಕ್ಕೂ ಹೆಚ್ಚು ತರಬೇತಿ ಕಿಟ್‌ಗಳಾಗುತ್ತವೆ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಇನ್ನು ಆಗುವುದಿಲ್ಲ.

ನಿಮ್ಮ ನಾಲ್ಕನೇ ಮಹಡಿಯಿಂದ ಇಳಿದು ಬರುವಾಗ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತಿದ್ದ. ಗೌರಿಬಿದನೂರಿನ ಕಡೆಯವನು. ಬೆಳಗಿನ ಬಸ್ಸಿಗೆ ಬಂದಿದ್ದಾನೆ. ತೊಡೆಯ ಮೇಲೆ ಫೈಲು, ಅದರಲ್ಲಿ ಲ್ಯಾಮಿನೇಷನ್ ಮಾಡಿಸಿದ ಮಾರ್ಕ್ಸ್ ಕಾರ್ಡುಗಳು. 1,999 ಹಿಂದಿನ ದಿನವೇ ಕಟ್ಟಿದ್ದಾನೆ; ಅದಾದ ಮೇಲೆ ಗುರುತಿನ ಚೀಟಿಗೆಂದು ಇನ್ನೂ 850. "ಸಾರ್, ಆಫೀಸು ಶಿಫ್ಟ್ ಆಗಿರಬಹುದಾ?" ಅಂತ ನನ್ನನ್ನು ಕೇಳಿದ. ಕಣ್ಣೆದುರಿಗೆ ನೀರಿನ ಟ್ಯಾಂಕು ನೋಡಿ ಬಂದವನು ಹಾಗೆ ಕೇಳಿದ ಕಣ್ರೀ. ಮೋಸ ಅಂದುಕೊಳ್ಳುವುದಕ್ಕಿಂತ ವಿಳಾಸ ಬದಲಾಗಿದೆ ಅಂದುಕೊಳ್ಳುವುದೇ ಅವನಿಗೆ ಸುಲಭವಾಗಿತ್ತು. ಫೋನಿನಲ್ಲಿ ಅವನ ತಾಯಿ. "ಹ್ಞೂಂ ಅಮ್ಮ, ಬಂದೆ, ಸಾಹೇಬ್ರು ಊಟಕ್ಕೆ ಹೋಗಿದಾರೆ" ಅಂತ ಹೇಳುತ್ತಿದ್ದ. ಆ ಸಾಹೇಬರು ನೀವು.

ಅಲ್ಲೇ ಕೂರಿಸಿಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ವಹಿವಾಟಿನ ನಂಬರು ಬರೆಸಿದೆ. ಅವನ ಖಾತೆಯಿರುವ ಬ್ಯಾಂಕಿನ ಒಂದು ಶಾಖೆ ಹತ್ತಿರದಲ್ಲೇ ಇತ್ತು, ಹೋದೆವು. ಟೋಕನ್ ತೆಗೆದುಕೊಂಡು ಕೂತೆವು. ಊಟದ ಹೊತ್ತು ಕಳೆಯಿತು, ಕಾಫಿ ಹೊತ್ತೂ ಕಳೆಯಿತು. ಕೊನೆಗೆ ಕರೆದವರು ಮೊಬೈಲ್ ನೋಡಿ, "ಪಿನ್ ನೀವೇ ಒತ್ತಿದ್ದೀರಲ್ಲಪ್ಪಾ" ಅಂದರು. ಕಾನೂನಿನ ಪ್ರಕಾರ ಅವರ ಮಾತು ತಪ್ಪಲ್ಲ. ಗ್ರಾಹಕನಿಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ ರಕ್ಷಣೆ ಕೊಡುವ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರಲ್ಲೇ ಮಾಡಿದೆ. ಆದರೆ ತಾನೇ ಪಿನ್ ಒತ್ತಿ ಕಳಿಸಿದವನಿಗೆ ಅದು ಆಸರೆಯಾಗುವುದಿಲ್ಲ. ನಿಮ್ಮ ಜಾಣತನವೆಲ್ಲ ಇರುವುದು ಅಲ್ಲಿ. ನೀವು ಬೀಗ ಒಡೆಯುವುದಿಲ್ಲ. ಬಾಗಿಲು ಅವನ ಕೈಯಲ್ಲೇ ತೆಗೆಸುತ್ತೀರಿ, ಆಮೇಲೆ ತೆಗೆದವನು ನೀನೇ ತಾನೇ ಅಂತ ಊರೆಲ್ಲ ಅವನನ್ನೇ ಕೇಳುತ್ತದೆ.

ಕೆಲಸ ಕೊಡುವವನು ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ. ಇಷ್ಟೇ ಪರೀಕ್ಷೆ, ಇದಕ್ಕಿಂತ ದೊಡ್ಡ ವಿದ್ಯೆ ಬೇಕಾಗಿಲ್ಲ. ಠೇವಣಿ ಅನ್ನಿ, ಕಿಟ್ ಅನ್ನಿ, ಐಡಿ ಕಾರ್ಡ್ ಅನ್ನಿ, ಜಿಎಸ್‌ಟಿ ಅನ್ನಿ, ಕೇಳಿದ ಕ್ಷಣ ಅದು ಕೆಲಸವಲ್ಲ. ಇದು ಆ ಹುಡುಗನಿಗೂ ಗೊತ್ತಿತ್ತು. "ಗೊತ್ತಿತ್ತು ಸಾರ್, ಆದರೆ ಎರಡು ವರ್ಷ ಆಯ್ತು ಮನೇಲಿ ಕೂತು" ಅಂದ. 1,999 ಅನ್ನುವ ಅಂಕಿಯನ್ನು ನೀವು ಸುಮ್ಮನೆ ಆರಿಸಿಲ್ಲ. ಸಾಲ ಮಾಡಿ ಹೊಂದಿಸಬೇಕಾಗುವಷ್ಟು ದೊಡ್ಡದು, ಪೊಲೀಸ್ ಠಾಣೆಗೆ ಹೋಗಲು ನಾಚಿಕೆಯಾಗುವಷ್ಟು ಸಣ್ಣದು. ಆ ನಾಚಿಕೆಯ ಮೇಲೆ ನಿಮ್ಮ ಕಂಪನಿ ನಿಂತಿದೆ. ಸಿಂಟೆಕ್ಸ್ ಟ್ಯಾಂಕಿನ ಮೇಲಲ್ಲ.

ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ನಿಮ್ಮ ಮೇಲ್ ಅನ್ನು ಅಳಿಸಿಲ್ಲ. ಅಕ್ಕನ ಮಗಳ ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಒತ್ತಿ, ಅದು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಬಂತೆನ್ನುವ ಉದ್ದನೆಯ ಪುರಾಣವನ್ನೆಲ್ಲ ಇಳಿಸಿಕೊಂಡು, ಯುಪಿಐ ಐಡಿಯ ಸಮೇತ ಸೈಬರ್ ಕ್ರೈಂ ಪೋರ್ಟಲ್‌ಗೆ ಹಾಕಿದ್ದೇನೆ. ಕಂಪ್ಯೂಟರಿನ ಮರೆಯಲ್ಲಿ ಬೇರೆಯವರ ವೇಷ ಹಾಕಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದಂಡ ಮರುಪಾವತಿ ಆಗುವುದಿಲ್ಲ. ನಿಮಗೆ ಖಾತೆ ಬಾಡಿಗೆಗೆ ಕೊಟ್ಟ ಆ ಮೂರನೇ ಹೆಸರಿನವನಿಗೂ ತಿಳಿಸಿ: ಪೊಲೀಸರು ಮೊದಲು ಬಡಿಯುವುದು ಅವನ ಬಾಗಿಲನ್ನು. ಕಮಿಷನ್ ಆಸೆಗೆ ಪಾಸ್‌ಬುಕ್ಕು, ಸಿಮ್ಮು ಕೊಟ್ಟವರಲ್ಲಿ ಎಷ್ಟೋ ಮಂದಿ ಇಂಥವರೇ, ಕೆಲಸವಿಲ್ಲದ ಹುಡುಗರು. ನೀವು ಅವರನ್ನೂ ಬಿಟ್ಟಿಲ್ಲ.

ಇನ್ನು ಓದುಗರಿಗೆ ಒಂದು ಮಾತು. ಇಂಥ ಮೇಲ್ ಬಂದರೆ ಅದರೊಳಗಿನ ಲಿಂಕು ಒತ್ತಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಡಿ. ಕಂಪನಿಯ ಹೆಸರನ್ನು ನೀವೇ ಹುಡುಕಿ, ಅವರ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೆ ಕೇಳಿ. ಕಂಪನಿ ನೋಂದಣಿಯಾಗಿದೆಯೇ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನೋಡಿ. ದುಡ್ಡು ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ ಅನ್ನುವುದು ನೆನಪಿರಲಿ. ಈಗಾಗಲೇ ಕಟ್ಟಿಬಿಟ್ಟಿದ್ದರೆ ಅಪ್ಪ ಏನಂದಾರು, ಪಕ್ಕದ ಮನೆಯವರು ಏನಂದಾರು ಅಂತ ಕೂರಬೇಡಿ. 1930ಕ್ಕೆ ಈಗಲೇ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಹೆಚ್ಚಿರುವುದು ಮೊದಲ ಕೆಲವು ಗಂಟೆಗಳಲ್ಲಿ.

ಇತಿ,
ಯಲಹಂಕ ಉಪನಗರದ ಒಬ್ಬ ನಿವೃತ್ತ