ಒಂದು ಕಾಫಿ, ದಿನವಿಡೀ ಮೀಟಿಂಗು

ಬೆಂಗಳೂರಿನಲ್ಲಿ ಕಾಫಿಗೂ ಇಂಟರ್ನೆಟ್ಟಿಗೂ ಹಳೆಯ ನಂಟು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆ ತೆರೆದದ್ದೇ ಸೈಬರ್ ಕೆಫೆಯಾಗಿ. ಆಗ ಇಂಟರ್ನೆಟ್ ನೋಡಲು ಹೋದವರು ಕಾಫಿ ಕುಡಿಯುತ್ತಿದ್ದರು. ಈಗ ಕಾಫಿಯ ನೆಪದಲ್ಲಿ ಇಡೀ ಆಫೀಸನ್ನೇ ಹೊತ್ತು ತರುತ್ತಾರೆ.

ಇಂದಿರಾನಗರದ ಯಾವುದಾದರೂ ಕೆಫೆಗೆ ಹೋಗಿ ನೋಡಿ. ಒಳಗೆ ಬಂದವರ ಕಣ್ಣು ಮೆನು ಕಡೆ ಹೋಗುವುದಿಲ್ಲ. ಗೋಡೆಯ ಬುಡದಲ್ಲಿ ಪ್ಲಗ್ ಪಾಯಿಂಟ್ ಹುಡುಕುತ್ತದೆ. ಸಿಕ್ಕರೆ ಬಿಡಿಎ ಸೈಟು ಸಿಕ್ಕಷ್ಟು ಸಂಭ್ರಮ. ಆಮೇಲೆ ಒಂದು ಕ್ಯಾಪುಚಿನೋ. ಅದನ್ನು ಕುಡಿಯುವುದಲ್ಲ, ಉಳಿಸಿಕೊಳ್ಳುವುದು. ತಳದಲ್ಲಿ ಎರಡು ಗುಟುಕು ಇರುವ ತನಕ ನೀವು ಗಿರಾಕಿ; ಕಪ್ಪು ಬರಿದಾಯಿತೋ, ಬಿಟ್ಟಿ ಬಾಡಿಗೆದಾರ. ಸಪ್ಲೈಯರ್ ಹುಡುಗ ಬಂದು, "ಇನ್ನೇನಾದ್ರೂ ಬೇಕಾ ಸರ್?" ಅಂದರೆ ಕಿವಿಯ ಇಯರ್‌ಫೋನ್ ಮುಟ್ಟಿ, ಮೀಟಿಂಗಲ್ಲಿದ್ದೀನಿ ಎಂಬ ಸನ್ನೆ. ಎಷ್ಟೋ ಸಲ ಆ ಕಡೆ ಯಾರೂ ಇರುವುದಿಲ್ಲ ಬಿಡಿ.

ಇದ್ದರೆ ಇನ್ನೂ ಮಜಾ. ಪಕ್ಕದ ಮೇಜಿನ ಮ್ಯಾನೇಜರು, ಮಿಕ್ಸರಿನ ಗೊರಗೊರ ಮೀರಿಸಿ, ಮುಂದಿನ ತಿಂಗಳು ಯಾರನ್ನು ಮನೆಗೆ ಕಳಿಸಬೇಕೆಂದು ಹೆಸರು ಹಿಡಿದು ಹೇಳುತ್ತಿರುತ್ತಾನೆ. ವಿಷಯ ಇಡೀ ಕೆಫೆಗೆ ಗೊತ್ತು. ಪಾಪ, ಆ ಹೆಸರಿನವರಿಗಷ್ಟೇ ಗೊತ್ತಿಲ್ಲ.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಈ ಆಟ ನಡೆಯದು. ಅಲ್ಲಿ ನಿಂತೇ ಇಡ್ಲಿ, ನಿಂತೇ ಕಾಫಿ. ಸಾಂಬಾರೂ ಇಲ್ಲ, ಚಟ್ನಿ ಮಾತ್ರ. ಅದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವುದೇ ಪೂರ್ತಿ ಹೊತ್ತಿನ ಕೆಲಸ. ಲ್ಯಾಪ್‌ಟಾಪ್ ಹಿಡಿಯಲು ಕೈ ಎಲ್ಲಿ ಬಿಡುವಿದೆ?