ಹಾರಬಲ್ಲವನಿಗೂ ಬೈಗುಳ ತಪ್ಪಿದ್ದಲ್ಲ

ಹದಿನಾರನೇ ವಯಸ್ಸಿನಲ್ಲಿ ಹಾರುವ ಶಕ್ತಿಯೇ ಬಂದರೂ ರಾತ್ರಿ ತಡವಾಗಿ ಮನೆ ಸೇರಿದರೆ ಬೈಗುಳ ತಪ್ಪುವುದಿಲ್ಲ. ಕಿಟಕಿಯಿಂದ ಹಾರಿ ಒಳಗೆ ಬಂದರಂತೂ ಎರಡು ಮಾತು ಹೆಚ್ಚೇ ಬೀಳುತ್ತವೆ. ಅಮೆರಿಕದ ಕಾಮಿಕ್ಸ್ ಲೋಕಕ್ಕೆ ಇದು ಹೊಳೆದದ್ದು ನಿಧಾನವಾಗಿ. ಅಲ್ಲಿ ಹುಡುಗರೆಂದರೆ ಬಹುಮಟ್ಟಿಗೆ ದೊಡ್ಡ ವೀರನ ಬೆನ್ನಿಗೆ ಓಡುವ ರಾಬಿನ್‌ನಂಥ ಶಿಷ್ಯರು. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೇರಿ ಪೀಟರ್ ಪಾರ್ಕರ್ ಎಂಬ ಹೈಸ್ಕೂಲ್ ಹುಡುಗನನ್ನು ಗೋಡೆ ಹತ್ತಿಸಿದರು. ಅವನಿಗೆ ಖಳರ ಚಿಂತೆ ಎಷ್ಟೋ, ಮನೆಯಲ್ಲಿ ಕಾಯುವ ದೊಡ್ಡಮ್ಮ ಮೇ ಅವರ ಚಿಂತೆಯೂ ಅಷ್ಟೇ.

ಇಂಥ ಕತೆಗಳನ್ನು ಓದಿ ಸುಮ್ಮನಿರಲಾಗದವರಿಗೆ ಟೇಬಲ್‌ಟಾಪ್ ರೋಲ್‌ಪ್ಲೇ ಆಟಗಳಿವೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ವೇಷವಿಲ್ಲದೆ ಕೂತಲ್ಲೇ ಅರ್ಥ ಹೇಳುವ ನಮ್ಮ ತಾಳಮದ್ದಲೆಯ ಹಾಗೆ ಅನ್ನಿ. ಆದರೆ ಇಲ್ಲಿ ದಾಳ ಒಲಿದರೆ ಕರ್ಣನೂ ಗೆದ್ದಾನು. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಈ ಆಟಗಳಿಗೆ ಹೆಸರು ಬಂತು. 1981ರಲ್ಲಿ ಸೂಪರ್‌ಹೀರೋಗಳಿಗೆಂದೇ ‘ಚಾಂಪಿಯನ್ಸ್’ ಬಂತು. ಅದರಲ್ಲಿ ಬಲಕ್ಕಿಷ್ಟು, ಹಾರಾಟಕ್ಕಿಷ್ಟು ಎಂದು ಪಾಯಿಂಟ್ ಕೊಟ್ಟು ವೀರನನ್ನು ಕಟ್ಟಬೇಕು. ದೌರ್ಬಲ್ಯ ಇಟ್ಟುಕೊಂಡರೆ ಪಾಯಿಂಟ್ ವಾಪಸ್! ಲೆಕ್ಕಪತ್ರದ ಮೇಲೆ ಪ್ರೀತಿಯಿರುವವರಿಗೆ ಹಬ್ಬ. ನನ್ನಂಥವರು ಕೂಡಿ ಕಳೆದು ಮುಗಿಸುವಷ್ಟರಲ್ಲಿ ಖಳ ಊರು ಸುಟ್ಟು, ಉಂಡು, ಮಲಗಿರುತ್ತಾನೆ.

ಹಾಗಾಗಿ ನನಗೆ ಹಿಡಿಸಿದ್ದು ಬ್ರೆಂಡನ್ ಕಾನ್ವೇ ಬರೆದು ಮ್ಯಾಗ್‌ಪೈ ಗೇಮ್ಸ್‌ನವರು 2016ರಲ್ಲಿ ತಂದ, ಹದಿಹರೆಯದ ಸೂಪರ್‌ಹೀರೋಗಳ ಆಟ ‘ಮಾಸ್ಕ್ಸ್’. ಪುಸ್ತಕವೇನೋ ದಪ್ಪಗಿದೆ, ಆದರೆ ಆಡುವಾಗ ಕೈಯಲ್ಲಿರುವುದು ಒಂದೆರಡು ಹಾಳೆ ಮತ್ತು ಆರು ಮುಖದ ಎರಡು ದಾಳ, ಅಷ್ಟೇ. ವೀರ ಎಷ್ಟು ಟನ್ ಎತ್ತುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಹಾಳೆಯ ಮೇಲಿರುವುದು ಐದು ಹಣೆಪಟ್ಟಿ: ಅಪಾಯಕಾರಿ, ವಿಚಿತ್ರ, ರಕ್ಷಕ, ಜಾಣ, ಸಾಮಾನ್ಯ. ಒಂದೊಂದಕ್ಕೂ ಮೈನಸ್ 2ರಿಂದ ಪ್ಲಸ್ 3ರವರೆಗೆ ಒಂದು ಅಂಕಿ. ದಾಳ ಉರುಳಿಸಿ ಅದನ್ನು ಕೂಡಿಸಬೇಕು. ಹತ್ತು ಮುಟ್ಟಿದರೆ ಜಯ, ಏಳರಿಂದ ಒಂಬತ್ತಾದರೆ ಏನಾದರೂ ಬೆಲೆ ತೆತ್ತ ಜಯ, ಆರಕ್ಕಿಳಿದರೆ ಸೋಲು. ಸೋತವನಿಗೆ ಒಂದು ಗುರುತು ಸಿಗುತ್ತದೆ, ಐದು ಗುರುತಾದರೆ ಪಾತ್ರ ಒಂದು ಮೆಟ್ಟಿಲು ಬೆಳೆಯುತ್ತದೆ. ನಪಾಸಾದದ್ದಕ್ಕೆ ಅಂಕ ಕೊಡುವ ಇಂಥ ಶಾಲೆ ನಮ್ಮ ಕಾಲದಲ್ಲಿ ಇರಲಿಲ್ಲ.

ಆಟದ ಕುತಂತ್ರವೆಲ್ಲ ಈ ಅಂಕಿಗಳು ಕದಲುವ ಬಗೆಯಲ್ಲಿದೆ. ನಿಯಮದ ಪ್ರಕಾರ ದೊಡ್ಡವರೆಲ್ಲರಿಗೂ ನಿಮ್ಮ ಮೇಲೆ ಮೊದಲಿನಿಂದಲೇ ಪ್ರಭಾವವಿರುತ್ತದೆ. ಅವರು ಅದನ್ನು ಗಳಿಸಬೇಕಾಗಿಯೇ ಇಲ್ಲ. ನೀವು ಸೇತುವೆಯ ಮೇಲೆ ರಾಕ್ಷಸನನ್ನು ಕೆಡವಿ ಏದುಸಿರು ಬಿಡುತ್ತಿರುವಾಗ ಹಿರಿಯ ವೀರನೊಬ್ಬ ಮೇಲಿನಿಂದ ಇಳಿದು, “ಸೇತುವೆಯನ್ನೇ ಮುರಿದೆಯಲ್ಲೋ, ನಿನ್ನನ್ನು ಹೊರಗೆ ಬಿಡುವುದೇ ಅಪಾಯ” ಅನ್ನುತ್ತಾನೆ. ಆ ಮಾತಿಗೆ ನಿಮ್ಮ ‘ಅಪಾಯಕಾರಿ’ ಒಂದು ಏರಬಹುದು, ‘ಸಾಮಾನ್ಯ’ ಒಂದು ಇಳಿಯಬಹುದು. ಹೊಡೆದಾಟಕ್ಕೆ ಕೂಡಿಸುವುದು ಅಪಾಯಕಾರಿಯನ್ನು. ಅಂದರೆ ಅಪಾಯಕಾರಿ ಎಂದು ಬೈಸಿಕೊಂಡವನು ಮುಂದಿನ ಸಲ ಇನ್ನೂ ಚೆನ್ನಾಗಿ ಬಡಿಯುತ್ತಾನೆ. ಅಳುವ ಗೆಳತಿಯನ್ನು ಸಮಾಧಾನ ಮಾಡಲು ಕೂಡಿಸಬೇಕಾದ್ದು ‘ಸಾಮಾನ್ಯ’ವನ್ನು, ಅದೋ ಈಗ ಕುಸಿದಿದೆ. ಹೈಸ್ಕೂಲಿನಲ್ಲಿ ‘ಪುಂಡ’ ಎಂಬ ಬಿರುದು ಹೊತ್ತ ಯಾರನ್ನಾದರೂ ಕೇಳಿ, ಈ ಗಣಿತ ಅವರಿಗೆ ಬಾಯಿಪಾಠ. ಎದುರು ಮಾತಾಡಲು ಅವಕಾಶವಿಲ್ಲದಿಲ್ಲ. ಅದಕ್ಕೂ ದಾಳ ಹಾಕಬೇಕು, ಸೋತರೆ ಆ ಮಾತು ಇನ್ನಷ್ಟು ಆಳಕ್ಕೆ ನಾಟುತ್ತದೆ.

ಗಾಯದ ಲೆಕ್ಕವೂ ವಿಚಿತ್ರ. ಖಳ ಕಾರೆತ್ತಿ ಎಸೆದರೂ ಮೂಳೆ ಎಷ್ಟು ಮುರಿಯಿತೆಂದು ಬರೆದಿಡುವುದಿಲ್ಲ. ಹೆದರಿಕೆ, ಸಿಟ್ಟು, ಅಪರಾಧಿ ಭಾವ, ಹತಾಶೆ, ಕೀಳರಿಮೆ, ಈ ಐದರಲ್ಲಿ ಯಾವುದೋ ಒಂದಕ್ಕೆ ಗುರುತು ಬೀಳುತ್ತದೆ. ಐದೂ ತುಂಬಿದ ಮೇಲೆ ಇನ್ನೊಂದು ಬಂದರೆ ನೀವು ಮೂಲೆ ಸೇರಿದಿರಿ. ವಾಸಿಯಾಗುವ ಮದ್ದೂ ಪುಸ್ತಕದಲ್ಲೇ ಇದೆ. ಸಿಟ್ಟಿಳಿಯಬೇಕೆಂದರೆ ಯಾರನ್ನಾದರೂ ನೋಯಿಸಬೇಕು, ಇಲ್ಲವೇ ಮುಖ್ಯವಾದದ್ದೇನನ್ನಾದರೂ ಒಡೆಯಬೇಕು. ಕೀಳರಿಮೆ ಹೋಗಬೇಕೆಂದರೆ ತಂಡಕ್ಕೆ ಹೇಳದೆ ಕೇಳದೆ ಹುಚ್ಚು ಸಾಹಸಕ್ಕೆ ಕೈಹಾಕಬೇಕು. ಹದಿಹರೆಯದವರಿರುವ ಮನೆಗಳಲ್ಲಿ ಈ ಚಿಕಿತ್ಸೆ ಪುಸ್ತಕವಿಲ್ಲದೆಯೇ ನಡೆಯುತ್ತಿದೆ. ಗೆಳೆಯರು ಸಮಾಧಾನ ಮಾಡಿದರೂ ಇಳಿಯುತ್ತದೆ, ನಿಜ, ಆದರೆ ನೀವು ಮನಸ್ಸು ಬಿಚ್ಚಿ ಮಾತಾಡಿದರೆ ಮಾತ್ರ. ಬೆಟ್ಟ ಎತ್ತಬಲ್ಲ ಹುಡುಗರಿಗೂ ಅದೇ ಎಲ್ಲಕ್ಕಿಂತ ಭಾರ.

ಈ ಆಟದಲ್ಲಿ ಕತೆ ನಡೆಸುವವರದ್ದೇ ದೊಡ್ಡವರ ಪಾತ್ರಗಳೆಲ್ಲ: ಅಪ್ಪ, ಅಮ್ಮ, ಮೇಷ್ಟ್ರು, ನಿವೃತ್ತ ವೀರ, ಪೊಲೀಸ್. ಆದ್ದರಿಂದ ಒಂದು ಸಲಹೆ. ಮನೆಯಲ್ಲಿ ಹದಿನೈದು ಹದಿನಾರರ ಮಕ್ಕಳಿದ್ದರೆ ಕತೆ ನಡೆಸಲು ಅವರನ್ನೇ ಕೂರಿಸಿ, ಮುಖವಾಡ ನೀವು ಹಾಕಿಕೊಳ್ಳಿ. ಸಂಜೆ ಮೂರು ಗಂಟೆ ಬಿಡುವಿದ್ದರೆ ಸಾಕು. ಹಾಳೆ ತುಂಬಲು ಪೆನ್ನು ಬೇಡ, ಪೆನ್ಸಿಲ್ ಇರಲಿ. ಮಕ್ಕಳು ಬೈಯಲು ಕೂತರೆ ಅಂಕಿಗಳನ್ನು ಮತ್ತೆ ಮತ್ತೆ ಅಳಿಸಬೇಕಾಗುತ್ತದೆ.